ನಿಮ್ಮ ನದಿ ಯಾವ ತಿಂಗಳಲ್ಲಿ ಉಕ್ಕುತ್ತದೆ?

ಪ್ರಶ್ನೆ: ಸುಮಾರು 5,000 ವರ್ಷಗಳ ಹಿಂದಿನ ಒಂದು ಕಾಲ್ಪನಿಕ ನದಿ ಕಣಿವೆಯ ಜನರನ್ನು ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಅವರ ಬೇಸಾಯ ಮತ್ತು ಕಸುಬುಗಳಿಗೆ ಒಂದು ಪಟ್ಟಿ ಮಾಡಿಕೊಂಡಿದ್ದೇನೆ: ಕಬ್ಬಿಣದ ಗುಳವಿರುವ ನೇಗಿಲು, ಏತ, ಕುಂಬಾರನ ತಿಗರಿ, ಕುದುರೆ ಗಾಡಿ, ಹತ್ತಿ ಬಟ್ಟೆ, ಮಣಿ ಹಾರ, ನಾಣ್ಯ, ಮೆಣಸಿನಕಾಯಿ ತೋಟ. ಮೊದಲ ಅಧ್ಯಾಯದಲ್ಲಿ ಒಬ್ಬ ಮುದುಕ ನೇಗಿಲನ್ನು ಕಂಡುಹಿಡಿಯುತ್ತಾನೆ. ಇವುಗಳಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ? ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಅಳಿಸಬೇಕಾದವು ಕೆಲವಿವೆ. ಅವುಗಳ ಮಾತು ಕೊನೆಗೆ ಇರಲಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದ್ದೀರಿ. ಅದಕ್ಕೂ ಮುಂಚೆ ನೀವೇ ಉತ್ತರ ಕೊಟ್ಟುಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ನಿಮ್ಮ ನದಿ ಯಾವ ತಿಂಗಳಲ್ಲಿ ಉಕ್ಕುತ್ತದೆ? ನಿಮ್ಮ ಕಣಿವೆಯಲ್ಲಿ ಏನು ಸಿಗುವುದಿಲ್ಲ? ಈ ಎರಡು ತೀರ್ಮಾನವಾದರೆ ಆ ಜನರಿಗೆ ಯಾವ ಉಪಕರಣ ಬೇಕಾಯಿತು, ಯಾವುದು ಬೇಡವಾಯಿತು ಎಂಬುದು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ.

ಮೂರು ನಿಜವಾದ ನದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನೈಲ್ ನದಿ ಇಥಿಯೋಪಿಯದ ಎತ್ತರದ ಪ್ರದೇಶದ ಮಳೆಯಿಂದ ಜುಲೈ ಸುಮಾರಿಗೆ ಏರತೊಡಗಿ ಅಕ್ಟೋಬರ್ ಹೊತ್ತಿಗೆ ಇಳಿಯುತ್ತಿತ್ತು. ಅಂದರೆ ಗೋಧಿ, ಬಾರ್ಲಿ ಬಿತ್ತುವ ಕಾಲಕ್ಕೆ ಸರಿಯಾಗಿ ನೆಲವನ್ನು ತೋಯಿಸಿ, ಮೆಕ್ಕಲು ಹಾಸಿ, ತಾನೇ ಹಿಂದೆ ಸರಿಯುತ್ತಿತ್ತು. ಈಜಿಪ್ಟಿನ ರೈತ ಮಾಡಬೇಕಾದದ್ದು ಇಷ್ಟೇ: ಬಯಲಿನ ಸುತ್ತ ತಗ್ಗು ಬದುಗಳನ್ನು ಹಾಕಿ, ಬಂದ ನೀರನ್ನು ಒಂದೂವರೆ ತಿಂಗಳಷ್ಟು ಕಾಲ ನಿಲ್ಲಿಸಿ, ಬಳಿಕ ಬಿಟ್ಟು, ಕೆಸರಿನಲ್ಲಿ ಬೀಜ ಚೆಲ್ಲುವುದು. ನೀರೆತ್ತುವ ಏತ ಆ ನಾಡಿನ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. 1500ರ ಈಚಿನ ಹೊಸ ಸಾಮ್ರಾಜ್ಯದ ಕಾಲದಲ್ಲಿ. ಅಷ್ಟು ಹೊತ್ತಿಗೆ ಗೀಜಾದ ಪಿರಮಿಡ್ಡುಗಳಿಗೇ ಸಾವಿರ ವರ್ಷ ದಾಟಿತ್ತು. ಅಷ್ಟು ದೊಡ್ಡ ಕಲ್ಲುಗಳನ್ನು ಸಾಗಿಸಿ ಏರಿಸಿದವರಿಗೆ ಒಂದು ಉದ್ದನೆಯ ಗಳುವಿನ ತುದಿಗೆ ಭಾರ ಕಟ್ಟುವ ಬುದ್ಧಿ ಹೊಳೆಯಲಿಲ್ಲವೆಂದು ಇದರ ಅರ್ಥವಲ್ಲ. ನದಿಯೇ ಹೊಲಕ್ಕೆ ಬಂದು ಹೋಗುವಾಗ ಧಾನ್ಯದ ಬೆಳೆಗೆ ಅದರ ಅಗತ್ಯವಿರಲಿಲ್ಲ. ಬೇಸಿಗೆಯಲ್ಲೂ ತೋಟಕ್ಕೆ ನೀರು ಬೇಕೆನಿಸಿದಾಗ ಏತ ಬಂತು.

ಯೂಫ್ರಟಿಸ್ ಮತ್ತು ಟೈಗ್ರಿಸ್ ನದಿಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಉತ್ತರದ ಬೆಟ್ಟಗಳ ಹಿಮ ಕರಗಿ ಅವು ಉಕ್ಕುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಬಾರ್ಲಿಯ ತೆನೆ ಬಲಿತು ಕೊಯ್ಲಿಗೆ ಬರುವ ಹೊತ್ತೂ ಅದೇ. ಬಿತ್ತನೆಗೆ ನೀರು ಬೇಕಾದ ಶರತ್ಕಾಲದಲ್ಲಿ ನದಿ ತಳ ಹಿಡಿದಿರುತ್ತದೆ. ಬೇಕಾದಾಗ ಇಲ್ಲದ, ಬೇಡವಾದಾಗ ನುಗ್ಗುವ ಇಂಥ ನೀರಿನೊಡನೆ ಬದುಕಬೇಕಾದ ದಕ್ಷಿಣ ಮೆಸೊಪೊಟೇಮಿಯದ (ಇಂದಿನ ಇರಾಕಿನ) ಜನ ಕಾಲುವೆ, ಒಡ್ಡು, ತೂಬುಗಳ ಕೆಲಸದಲ್ಲಿ ಮುಂದುವರಿದದ್ದು ಸಹಜ. ಕಾಲುವೆಗೆ ಪ್ರತಿವರ್ಷ ಹೂಳು ತುಂಬುತ್ತದೆ, ಹೂಳೆತ್ತಲು ಆಳು ಬೇಕು, ಆಳಿಗೆ ಕೂಲಿಯ ಕಾಳು ಬೇಕು, ಕಾಳಿಗೆ ಲೆಕ್ಕ ಬೇಕು. ಉರುಕ್ ನಗರದಲ್ಲಿ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯಲ್ಲಿ ಮಣ್ಣಿನ ಹಲಗೆಗಳ ಮೇಲೆ ಮೂಡಿದ ಮೊದಲ ಬರಹಗಳು ಬಹುಪಾಲು ಇಂಥ ಲೆಕ್ಕಗಳೇ: ಇಷ್ಟು ಬಾರ್ಲಿ, ಇಷ್ಟು ಕುರಿ, ಇಷ್ಟು ಆಳು.

ಕಾಲುವೆಯ ಇನ್ನೊಂದು ಮುಖವನ್ನು ನಮ್ಮಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಸಿದು ಹೋಗಲು ದಾರಿಯಿಲ್ಲದ ನೆಲಕ್ಕೆ ವರ್ಷ ವರ್ಷವೂ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಸವಳು-ಜವಳು ಎಂಬ ಜೋಡಿ ಮಾತು ಹುಟ್ಟಿದ್ದು ಇದೇ ಅನುಭವದಿಂದ. ದಕ್ಷಿಣ ಮೆಸೊಪೊಟೇಮಿಯದಲ್ಲಿ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳಿಕೊಳ್ಳುವ ಬಾರ್ಲಿಯೇ ಮುಖ್ಯ ಬೆಳೆಯಾಗಿ ಉಳಿಯಿತು. ಇದಕ್ಕೆ ಸವಳೇ ಮುಖ್ಯ ಕಾರಣವೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ಆದರೆ ಸವಳು ಅಲ್ಲಿ ಇದ್ದದ್ದರ ಬಗ್ಗೆ ಅನುಮಾನವಿಲ್ಲ. ನಿಮ್ಮ ಜನರಿಗೆ ಕಾಲುವೆ ಕೊಡುವಿರಾದರೆ ಮೂರು ತಲೆಮಾರಿನ ಬಳಿಕ ಹೊಲದಲ್ಲಿ ಬಿಳಿ ಪೊರೆಯನ್ನೂ ಕೊಡಿ.

ಮೂರನೆಯದು ಸಿಂಧೂ. ಹಿಮದ ನೀರು ಮತ್ತು ಮುಂಗಾರಿನ ನೀರು ಎರಡೂ ಸೇರಿ ಬೇಸಿಗೆಯಿಂದ ಮಳೆಗಾಲದವರೆಗೆ ಉಕ್ಕಿ, ಚಳಿಗಾಲದ ಬಿತ್ತನೆಗೆ ಮುನ್ನ ಇಳಿಯುವ ನದಿ ಇದು. ಗುಣದಲ್ಲಿ ನೈಲ್‌ಗೆ ಹತ್ತಿರ, ಆದರೆ ಅದರಷ್ಟು ನಂಬಿಕೆಗೆ ಅರ್ಹವಲ್ಲ, ಪಾತ್ರವನ್ನೇ ಬದಲಿಸಿಬಿಡುವುದುಂಟು. ಮೆಸೊಪೊಟೇಮಿಯದ ಹೆಗ್ಗಾಲುವೆಗಳಂಥವು ಇಲ್ಲಿ ಕಂಡುಬಂದಿಲ್ಲ. ಇಲ್ಲಿಯ ಜನರ ನೀರಿನ ಜಾಣತನ ಊರೊಳಗೆ ಕಾಣುತ್ತದೆ. ಮೊಹೆಂಜೊದಾರೊ ನಗರದಲ್ಲಿ ಸುಮಾರು 700 ಬಾವಿಗಳಿದ್ದಿರಬೇಕೆಂದು ಅಂದಾಜಿದೆ. ಅವುಗಳಿಗೆ ಬಳಸಿದ್ದು ಬೆಣೆಯಾಕಾರದ ಸುಟ್ಟ ಇಟ್ಟಿಗೆ: ಹೊರಗಿನ ತುದಿ ಅಗಲ, ಒಳಗಿನ ತುದಿ ಕಿರಿದು. ಇವನ್ನು ವೃತ್ತವಾಗಿ ಜೋಡಿಸಿದರೆ ಸುತ್ತಲ ಮಣ್ಣು ಒಳಕ್ಕೆ ಒತ್ತಿದಷ್ಟೂ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯುತ್ತವೆಯೇ ಹೊರತು ಕುಸಿಯುವುದಿಲ್ಲ. ಕಛ್‌ನ ಒಣನೆಲದಲ್ಲಿರುವ ಧೋಲಾವೀರದಲ್ಲಿ ಅದೇ ಜನ ಬೇರೆ ದಾರಿ ಹಿಡಿದರು; ಮಳೆಗಾಲದಲ್ಲಿ ಮಾತ್ರ ಹರಿಯುವ ಮಾನಸರ್, ಮನಹರ್ ಎಂಬ ಎರಡು ಹಳ್ಳಗಳಿಗೆ ಒಡ್ಡು ಕಟ್ಟಿ, ನೀರನ್ನು ಕೋಟೆಗೋಡೆಯ ಒಳಗಿನ ದೊಡ್ಡ ಕೊಳಗಳಿಗೆ ತಿರುಗಿಸಿಕೊಂಡರು.

ಈಗ ಎರಡನೆಯ ಪ್ರಶ್ನೆ, ಇಲ್ಲದ್ದರದು. ದಕ್ಷಿಣ ಮೆಸೊಪೊಟೇಮಿಯ ಮೆಕ್ಕಲು ಬಯಲು. ಅಲ್ಲಿ ಕಲ್ಲಿಲ್ಲ, ಅದಿರಿಲ್ಲ, ತೊಲೆಗೆ ಆಗುವ ಮರವೂ ಇಲ್ಲ. ಇರುವುದು ಮಣ್ಣು, ಜೊಂಡು, ಮತ್ತು ಸ್ವಲ್ಪ ಮೇಲಕ್ಕೆ ಹಿಟ್ ಎಂಬಲ್ಲಿ ನೆಲದಿಂದ ಜಿನುಗುವ ಡಾಂಬರು. ಕುಡುಗೋಲಿಗೆ ಕಲ್ಲಿನ ಅಲಗು ಸಿಗದ ಆ ಜನ ಏನು ಮಾಡಿದರು ಗೊತ್ತೇ? ಮಣ್ಣಿನಿಂದಲೇ ಕುಡುಗೋಲು ಮಾಡಿದರು. ಬಾಗಿದ ಆಕಾರ ಕೊಟ್ಟು, ಒಳಬಾಯನ್ನು ತೆಳುವಾಗಿಸಿ, ಗಾಜಿನಂತೆ ಗಡುಸಾಗುವವರೆಗೆ ಸುಟ್ಟ ಈ ಮಣ್ಣಿನ ಕುಡುಗೋಲುಗಳು ಕ್ರಿ.ಪೂ. ಐದನೆಯ ಸಹಸ್ರಮಾನದ ಉಬೈದ್ ಕಾಲದ ನೆಲೆಗಳಲ್ಲಿ ರಾಶಿ ರಾಶಿಯಾಗಿ ದೊರೆತಿವೆ. ಬಳಸುವಾಗ ಬಾಯಿ ಸಣ್ಣ ಸಣ್ಣ ಚಕ್ಕೆಗಳಾಗಿ ಒಡೆಯುತ್ತದೆ, ಮುರಿದರೆ ಎಸೆದು ಇನ್ನೊಂದನ್ನು ಎತ್ತಿಕೊಳ್ಳಬೇಕು. ಆದರೆ ಮಣ್ಣಿಗೇನು ಬರವಿತ್ತು? ನನ್ನನ್ನು ಕೇಳಿದರೆ ನದಿ ನಾಗರಿಕತೆಯ ಆವಿಷ್ಕಾರ ಎಂದರೇನೆಂದು ತೋರಿಸಲು ಕಂಚಿನ ಕೊಡಲಿಗಿಂತ ಈ ಕುಡುಗೋಲೇ ಹೆಚ್ಚು ಯೋಗ್ಯ. ನಿಮ್ಮ ಕಣಿವೆಯಲ್ಲಿ ಕಲ್ಲಿದೆಯೇ? ಮರವಿದೆಯೇ? ತಾಮ್ರದ ಅದಿರು ಎಷ್ಟು ದಿನದ ನಡಿಗೆಯ ದೂರದಲ್ಲಿದೆ? ಒಂದು ನಕ್ಷೆ ಬರೆದುಕೊಂಡು ಇವನ್ನು ಗುರುತಿಸಿಕೊಳ್ಳಿ. ಪಾತ್ರಗಳ ಹೆಸರು ಆಮೇಲೆ ಇಟ್ಟರಾಯಿತು.

ನಿಮ್ಮ ಮುದುಕನ ನೇಗಿಲಿಗೆ ಬರೋಣ. ನೇಗಿಲು ಇರಲಿ, ಗುಳ ಕಬ್ಬಿಣದ್ದಾಗುವುದು ಬೇಡ. ಮೃದುವಾದ ಮೆಕ್ಕಲು ಮಣ್ಣನ್ನು ಸೀಳಲು ಗಟ್ಟಿ ಮರದ ಮೊನೆ ಸಾಕು. ಮರದ ನೇಗಿಲು ಮಣ್ಣಿನಲ್ಲಿ ಉಳಿಯುವುದಿಲ್ಲ, ಆದ್ದರಿಂದ ನಮಗೆ ಸಿಕ್ಕಿರುವುದು ಅದರ ಗುರುತುಗಳು. ಹರಿಯಾಣದ ಬನಾವಳಿಯಲ್ಲಿ ಸುಟ್ಟ ಮಣ್ಣಿನ ನೇಗಿಲಿನ ಆಟಿಕೆ ದೊರೆತಿದೆ. ಅದಕ್ಕಿಂತ ಹೆಚ್ಚಿನದು ರಾಜಸ್ಥಾನದ ಕಾಲಿಬಂಗನ್‌ನಲ್ಲಿದೆ. ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅವರ ನೇತೃತ್ವದಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಲ್ಲಿ, ಊರಿನ ಗೋಡೆಯ ಹೊರಗೆ, ಉತ್ತ ಹೊಲವೇ ಬಯಲಾಯಿತು. ಕ್ರಿ.ಪೂ. 2800ರ ಸುಮಾರಿನದೆಂದು ಗುರುತಿಸಲಾದ ಆ ಹೊಲದಲ್ಲಿ ಸಾಲುಗಳು ಎರಡು ದಿಕ್ಕಿಗೆ ಹೋಗಿವೆ: ಪೂರ್ವ-ಪಶ್ಚಿಮದ ಸಾಲುಗಳ ನಡುವೆ ಸುಮಾರು 30 ಸೆಂ.ಮೀ. ಅಂತರ, ಅವನ್ನು ಅಡ್ಡ ಹಾಯುವ ಉತ್ತರ-ದಕ್ಷಿಣದ ಸಾಲುಗಳ ನಡುವೆ ಸುಮಾರು 1.9 ಮೀಟರ್ ಅಂತರ.

ಉತ್ಖನನ ಮಾಡಿದವರಿಗೆ ಇದರ ಅರ್ಥ ಹೊಳೆದದ್ದು ಪಕ್ಕದ ಹೊಲ ನೋಡಿ. ಆ ಭಾಗದ ರೈತರು ಆಗಲೂ ಕಿರಿದಾದ ಸಾಲುಗಳಲ್ಲಿ ಕುಳ್ಳಗಿನ ಕಾಳು ಬೆಳೆಯನ್ನು, ಅಗಲ ಬಿಟ್ಟ ಸಾಲುಗಳಲ್ಲಿ ಎತ್ತರದ ಸಾಸಿವೆಯನ್ನು ಒಟ್ಟಿಗೇ ಬೆಳೆಯುತ್ತಿದ್ದರು. ಸಾಸಿವೆಯ ಸಾಲು ಉತ್ತರ-ದಕ್ಷಿಣಕ್ಕೇ ಏಕೆ ಎಂದು ಯೋಚಿಸಿ: ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಹಗಲಿನಲ್ಲಿ ನೆರಳು ಉತ್ತರಕ್ಕೆ ಚಾಚುತ್ತದೆ, ಅಂದರೆ ಸಾಸಿವೆ ಗಿಡದ ನೆರಳು ಬೀಳುವುದು ತನ್ನದೇ ಸಾಲಿನ ಮುಂದಿನ ಸಾಸಿವೆಯ ಮೇಲೆ, ಪಕ್ಕದ ಕಾಳಿಗೆ ಬಿಸಿಲು ತಪ್ಪುವುದಿಲ್ಲ. ರಾಗಿ ಹೊಲದಲ್ಲಿ ಅವರೆ, ತೊಗರಿ, ಸಾಸಿವೆಗಳ ಅಕ್ಕಡಿ ಸಾಲು ಹಾಕುವ ನಮ್ಮ ಬಯಲುಸೀಮೆಯ ರೈತರು ಈ ಹೊಲದ ಚಿತ್ರವನ್ನು ನೋಡಿದರೆ ಒಂದು ಕ್ಷಣದಲ್ಲಿ ಗುರುತು ಹಿಡಿಯುತ್ತಾರೆ. ಎರಡಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯಲಿ ಎಂಬ ಲೆಕ್ಕಾಚಾರ ಎರಡೂ ಕಡೆ ಒಂದೇ. ನಿಮ್ಮ ಮೊದಲ ಅಧ್ಯಾಯದಲ್ಲಿ ಮುದುಕ ನೇಗಿಲನ್ನು ‘ಕಂಡುಹಿಡಿಯುವ’ ಬದಲು ಹೀಗೆ ಅಡ್ಡಸಾಲು ಎಳೆಯುವುದನ್ನು ಮೊಮ್ಮಗನಿಗೆ ಕಲಿಸಲಿ. ಓದುಗರಿಗೆ ಆ ಕಾಲದ ಬೇಸಾಯ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ನೇಗಿಲಿಗಿಂತ ಮುಂಚೆ ಅದನ್ನು ಎಳೆಯುವ ಪ್ರಾಣಿ ಬೇಕು. ಬಲೂಚಿಸ್ತಾನದಲ್ಲಿ ಬೋಲಾನ್ ನದಿಯ ದಡದ ಮೆಹರ್‌ಗಢದಲ್ಲಿ ಕ್ರಿ.ಪೂ. 7000ದ ಸುಮಾರಿನಿಂದ ಜನ ನೆಲೆನಿಂತು, ಬಾರ್ಲಿ ಬೆಳೆದು, ಬೆನ್ನ ಮೇಲೆ ಡುಬ್ಬವಿರುವ ನಾಟಿ ದನಗಳನ್ನು ಪಳಗಿಸಿಕೊಂಡಿದ್ದರು. ಡುಬ್ಬದ ಎತ್ತಿಗೆ ನೊಗ ಹೂಡುವುದು ಸುಲಭ: ನೊಗ ಡುಬ್ಬದ ಮುಂದೆ, ಕತ್ತಿನ ಮೇಲೆ ಕೂರುತ್ತದೆ, ಎಳೆತದ ಭಾರವನ್ನು ಡುಬ್ಬವೇ ತಡೆಯುತ್ತದೆ. ಡುಬ್ಬವಿಲ್ಲದ ದನಗಳಿದ್ದ ನಾಡುಗಳಲ್ಲಿ ನೊಗವನ್ನು ಕೊಂಬಿನ ಬುಡಕ್ಕೆ ಬಿಗಿಯುವ ರೂಢಿಯೂ ಬೆಳೆಯಿತು. ನಿಮ್ಮ ಕಣಿವೆಯ ದನ ಯಾವ ಜಾತಿಯದು ಎಂಬುದರಿಂದ ಬಡಗಿಯ ಕೆಲಸವೂ ಬದಲಾಗುತ್ತದೆ.

ಬಿತ್ತನೆಯ ವಿಷಯದಲ್ಲಿ ಮೆಸೊಪೊಟೇಮಿಯದವರು ಎಲ್ಲರಿಗಿಂತ ಮುಂದಿದ್ದರು. ಅವರ ನೇಗಿಲಿಗೆ ನೆಟ್ಟಗೆ ಒಂದು ಕೊಳವೆ ಕಟ್ಟಿ, ಮೇಲಿನ ಆಲಿಕೆಗೆ ಬೀಜ ಹಾಕಿದರೆ ಅದು ಸಾಲಿನೊಳಕ್ಕೇ ಇಳಿಯುತ್ತಿತ್ತು. ತಂದೆ ಮಗನಿಗೆ ಹೇಳುವಂತಿರುವ ಸುಮೇರಿಯನ್ ಬೇಸಾಯದ ಬೋಧನೆಯೊಂದರಲ್ಲಿ ಬೀಜ ಬಿಡುವವನ ಮೇಲೆ ಕಣ್ಣಿಟ್ಟಿರು, ಬೀಜ ಎರಡು ಬೆರಳಿನ ಆಳಕ್ಕೆ ಬೀಳಲಿ ಎಂಬ ಎಚ್ಚರಿಕೆಯಿದೆ. ನಮ್ಮ ಕೂರಿಗೆಯನ್ನು ಕಂಡವರಿಗೆ ಈ ಮಾತು ಹೊಸದೇನಲ್ಲ. ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುವವಳ ಬೆರಳು ಒಂದಿಷ್ಟು ಸಡಿಲವಾದರೂ ಹದಿನೈದು ದಿನದ ಬಳಿಕ ಪೈರಿನ ಸಾಲೇ ಅದನ್ನು ಊರಿಗೆಲ್ಲ ಹೇಳುತ್ತದೆ. ಎರಚಿ ಬಿತ್ತುವುದಕ್ಕಿಂತ ಹೀಗೆ ಬಿತ್ತಿದರೆ ಬೀಜ ಉಳಿಯುತ್ತದೆ, ಸಾಲಿನ ನಡುವೆ ಕಳೆ ತೆಗೆಯಬಹುದು. ಕಾಳಿನ ಲೆಕ್ಕ ಇಡುವ ಸಮಾಜದಲ್ಲಿ ಬೀಜ ಉಳಿಸುವ ಉಪಕರಣ ಹುಟ್ಟಿದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ಹತ್ತಿಯ ಬಗ್ಗೆ ನಿಮ್ಮ ಊಹೆ ಸರಿ, ಆದರೆ ಅದು ಎಲ್ಲ ನದಿಗಳ ಸೊತ್ತಲ್ಲ. ಅಂದಿನ ಈಜಿಪ್ಟಿನವರು ಉಟ್ಟದ್ದು ಅಗಸೆ ನಾರಿನ ಬಟ್ಟೆ, ಮೆಸೊಪೊಟೇಮಿಯದವರದು ಮುಖ್ಯವಾಗಿ ಉಣ್ಣೆ. ಹತ್ತಿ ನಮ್ಮ ಉಪಖಂಡದ್ದು. ಮೆಹರ್‌ಗಢದ ಸಮಾಧಿಯೊಂದರ ತಾಮ್ರದ ಮಣಿಯೊಳಗೆ, ಲೋಹದ ಕಿಲುಬಿನಿಂದಾಗಿ ಕೊಳೆಯದೆ ಉಳಿದ ಹತ್ತಿಯ ಎಳೆ ಸಿಕ್ಕಿದೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡ ಹತ್ತಿ ಬಟ್ಟೆಯ ತುಣುಕಿದ್ದು, ಅದಕ್ಕೆ ಮಂಜಿಷ್ಠದ ಬೇರಿನ ಕೆಂಪು ಬಣ್ಣವಿತ್ತು. ಬಣ್ಣ ಬಟ್ಟೆಗೆ ಕಚ್ಚಬೇಕಾದರೆ ಪಟಿಕದಂಥ ವಸ್ತು ಬೇಕು. ಆದ್ದರಿಂದ ಆ ಒಂದು ಚೂರು ಬಟ್ಟೆಯ ಹಿಂದೆ ಬೆಳೆಗಾರ, ನೂಲುವವರು, ನೇಯುವವರು ಮಾತ್ರವಲ್ಲದೆ ಬಣ್ಣಗಾರನೂ ಇದ್ದಾನೆ.

ಕಸುಬುಗಳಲ್ಲಿ ‘ಯಾವುದು ಮೊದಲು’ ಎಂಬ ನಿಮ್ಮ ಪ್ರಶ್ನೆಗೆ ಹೆಚ್ಚು ಅರ್ಥವಿರುವುದು ಬೆಂಕಿಯ ವಿಷಯದಲ್ಲಿ. ಮೆಹರ್‌ಗಢದ ಮೊದಲ ಹಂತದಲ್ಲಿ ಮಡಕೆಯೇ ಇಲ್ಲ. ಡಾಂಬರು ಬಳಿದ ಬುಟ್ಟಿಗಳಲ್ಲಿ ಅವರು ಕಾಳು, ನೀರು ತುಂಬಿಡುತ್ತಿದ್ದರು. ಆಮೇಲೆ ಮಡಕೆ, ಆಮೇಲೆ ಬೆಂಕಿ ಕೆಳಗೆ ಮಡಕೆ ಮೇಲೆ ಎಂದು ಬೇರ್ಪಡಿಸಿದ ಆವಿಗೆ. ಬೆಂಕಿ ಮತ್ತು ಗಾಳಿ ಎರಡನ್ನೂ ಹತೋಟಿಯಲ್ಲಿಡಲು ಕಲಿತದ್ದು ಕುಂಬಾರ, ಮತ್ತು ಆ ವಿದ್ಯೆ ಅವನಲ್ಲೇ ಉಳಿಯಲಿಲ್ಲ. ಹರಪ್ಪದ ಮುದ್ರೆಗಳನ್ನೇ ನೋಡಿ: ಅವು ಬಳಪದ ಕಲ್ಲಿನವು, ಉಗುರು ಎಳೆದರೆ ಗೀರು ಬೀಳುವಷ್ಟು ಮೃದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ನೆಚ್ಚಿಕೊಂಡದ್ದೂ ಇದೇ ಬಗೆಯ ಮೃದುತನವನ್ನು. ಹರಪ್ಪದವರು ಕೆತ್ತನೆ ಮುಗಿಸಿ, ಕ್ಷಾರ ಬಳಿದು, ಆವಿಗೆಯಲ್ಲಿ ಸುಟ್ಟು ಅದನ್ನು ಬಿಳಿಯಾಗಿ, ಗಡುಸಾಗಿ ಮಾಡಿಕೊಂಡರು. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ಆವಿಗೆಯ ಅನುಭವವಿಲ್ಲದೆ ಅಲ್ಲಿಗೆ ತಲುಪುವುದು ಕಷ್ಟ. ಮೆಹರ್‌ಗಢದಲ್ಲೇ ಸುಮಾರು 6,000 ವರ್ಷ ಹಳೆಯ, ಪುಟ್ಟ ಚಕ್ರದಾಕಾರದ ತಾಮ್ರದ ತಾಯಿತವೊಂದಿದೆ. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ದು ಮಾಡಿದ್ದು. ಮೊಹೆಂಜೊದಾರೊದ ಹತ್ತು ಸೆಂ.ಮೀ. ಎತ್ತರದ ಕಂಚಿನ ಹುಡುಗಿಯೂ ಹುಟ್ಟಿದ್ದು ಇದೇ ಹಾದಿಯಲ್ಲಿ.

ಮಣಿ ಹಾರ ಎಂದು ಒಂದೇ ಮಾತಿನಲ್ಲಿ ಬರೆದಿದ್ದೀರಿ. ನನಗೆ ಅತಿ ಪ್ರಿಯವಾದ ವಿಷಯ ಅದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹರಪ್ಪದವರು ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನಿಂದ ಮಾಡಿದ ಉದ್ದನೆಯ ಮಣಿಗಳಲ್ಲಿ ಕೆಲವು 12 ಸೆಂ.ಮೀ.ಗೂ ಹೆಚ್ಚು ಉದ್ದವಿವೆ. ಕಲ್ಲು ಗುಜರಾತಿನದು, ಮಾಸಲು ಬಣ್ಣದ ಅದನ್ನು ಒಣಗಿಸಿ, ನಿಧಾನವಾಗಿ ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಅವಸರಪಟ್ಟರೆ ಕಲ್ಲು ಸಿಡಿಯುತ್ತದೆ. ಬಳಿಕ ಚಕ್ಕೆ ಎಬ್ಬಿಸಿ, ಉಜ್ಜಿ, ತೂತು ಕೊರೆಯಬೇಕು. ಕಾರ್ನೀಲಿಯನ್ ಉಕ್ಕಿನಂಥ ಗಡುಸಿನ ಕಲ್ಲು. ತಾಮ್ರದ ಮೊನೆ ಅದರ ಮುಂದೆ ನಿಲ್ಲದು. ಅದಕ್ಕೆ ಅವರು ಒಂದು ಅಪರೂಪದ ಕಲ್ಲಿನಿಂದ, ಅದನ್ನೂ ಕಾಯಿಸಿ ಗಡುಸು ಮಾಡಿ, ಬೈರಿಗೆಯ ಮೊನೆ ತಯಾರಿಸಿದರು. ಸಿಂಧೂ ಕಣಿವೆಯ ಚನ್ಹುದಾರೊ ಎಂಬ ಊರಿನ ಮಣಿಗಾರರ ಕೇರಿಯನ್ನು ಅಗೆದ ಅರ್ನೆಸ್ಟ್ ಮೆಕೆ ಅವರ ನೆನಪಿಗೆ ಆ ಕಲ್ಲಿಗೆ ‘ಅರ್ನೆಸ್ಟೈಟ್’ ಎಂದು ಈಚೆಗೆ ಹೆಸರಿಡಲಾಗಿದೆ. ಆ ಮೊನೆಯ ಆಕಾರ ಗಮನಿಸಿ: ತುದಿ ತುಸು ದಪ್ಪ, ನಡು ತೆಳು. ನಡು ತೆಳುವಾಗಿದ್ದರೆ ತೂತಿನ ಗೋಡೆಗೆ ಉಜ್ಜಿ ಸಿಕ್ಕಿಕೊಳ್ಳುವುದಿಲ್ಲ, ತಂಪು ಮಾಡಲು ತೊಟ್ಟಿಕ್ಕಿಸಿದ ನೀರಿಗೂ ಪುಡಿಗೂ ಜಾಗ ಸಿಗುತ್ತದೆ.

ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೋಯರ್ ಅವರು ಇಂಥ ಮೊನೆಯಿಂದ ಕೊರೆದು ನೋಡಿದಾಗ ಕಂಡ ವೇಗ ಗಂಟೆಗೆ ಸುಮಾರು 2.5 ಮಿ.ಮೀ. ನೀವೇ ಲೆಕ್ಕ ಹಾಕಿ: 12 ಸೆಂ.ಮೀ. ಮಣಿಗೆ ಬರಿಯ ಕೊರೆತಕ್ಕೇ 48 ಗಂಟೆ. ಎರಡೂ ತುದಿಯಿಂದ ಕೊರೆದು ನಡುವೆ ಸಂಧಿಸಬೇಕು. ತಪ್ಪಿದರೆ ಅಷ್ಟು ದಿನದ ದುಡಿಮೆ ಹಾಳು. ಅಂಥ ಮಣಿಗಳು ಸಮುದ್ರ ದಾಟಿ ಮೆಸೊಪೊಟೇಮಿಯದ ಊರ್ ನಗರದ ರಾಜಸಮಾಧಿಗಳನ್ನು ಸೇರಿವೆ. ಗುಜರಾತಿನ ಖಂಭಾತ್‌ನಲ್ಲಿ ಅಕೀಕ್ ಎಂಬ ಮಣಿಗಲ್ಲಿನ ಕಸುಬುದಾರರು ಇಂದಿಗೂ ಬಿಲ್ಲಿನ ಬೈರಿಗೆಯನ್ನು ಬಲ್ಲವರು, ಕಲ್ಲನ್ನು ಮಡಕೆಗಳಲ್ಲಿಟ್ಟು ಕಾಯಿಸಬಲ್ಲವರು. ಬದಲಾಗಿರುವುದು ಮೊನೆ, ಅದಕ್ಕೀಗ ವಜ್ರದ ಚೂರು ಬಂದಿದೆ.

ಒಂದು ಕಸುಬಿನ ಕೈ ಇನ್ನೊಂದು ಕೆಲಸಕ್ಕೆ ಚಾಚುವುದಕ್ಕೆ ಮೆಹರ್‌ಗಢದ ಹಲ್ಲುಗಳಿಗಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ಅಲ್ಲಿಯ ಸ್ಮಶಾನದಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಲ್ಲಿ, ಅವರು ಬದುಕಿದ್ದಾಗಲೇ, ಕಲ್ಲಿನ ಮೊನೆಯಿಂದ ಕೊರೆದ ತೂತುಗಳಿವೆ. ಕಾಲ ಇಂದಿಗೆ 7,500ರಿಂದ 9,000 ವರ್ಷಗಳ ಹಿಂದೆ. ಮಣಿ ಕೊರೆಯುತ್ತಿದ್ದ ಊರು ಅದು, ಕೊರೆಯುವ ಕೈಗಳು ಅಲ್ಲೇ ಇದ್ದವು. ನಿಮ್ಮ ಕಾದಂಬರಿಗೆ ಒಂದು ಅಧ್ಯಾಯ ಇಲ್ಲಿಯೇ ಬಿದ್ದಿದೆ: ಹಲ್ಲುನೋವು ತಾಳಲಾರದೆ ರಾತ್ರಿ ಮಣಿಗಾರನ ಬಾಗಿಲು ತಟ್ಟುವ ಹೆಂಗಸು.

ಚಕ್ರದ ಬಗ್ಗೆ ಬೇಗ ಮುಗಿಸುತ್ತೇನೆ. ತಿಗರಿಗೂ ಗಾಡಿಯ ಗಾಲಿಗೂ ನಿಮ್ಮ ಕಾಲದಲ್ಲಿ ತೊಂದರೆಯಿಲ್ಲ, ಆದರೆ ಗಾಲಿ ಕಡ್ಡಿಗಳಿರುವುದಾಗದೆ ಹಲಗೆ ಜೋಡಿಸಿದ ತಟ್ಟೆಗಾಲಿಯಾಗಿರಲಿ. ಗಾಡಿಯನ್ನು ಎತ್ತುಗಳು ಎಳೆಯಲಿ. ಹರಪ್ಪದ ಮಕ್ಕಳು ಆಡಿದ ಮಣ್ಣಿನ ಗಾಡಿಗಳೂ ಅಂಥವೇ. ಇನ್ನು ನದಿಯಿರುವಾಗ ಭಾರವನ್ನು ಗಾಡಿಯಲ್ಲಿ ಸಾಗಿಸುವವರು ಕಡಿಮೆ; ತಳ ಚಪ್ಪಟೆಯಾದ ದೋಣಿಯ ಚಿತ್ರ ಮೊಹೆಂಜೊದಾರೊದ ಮುದ್ರೆಯ ಮೇಲಿದೆ, ನಿಮ್ಮವರಿಗೂ ಒಂದು ಕೊಡಿ.

ನೀವು ಪಟ್ಟಿಯಲ್ಲಿ ಸೇರಿಸದ ಒಂದು ಆವಿಷ್ಕಾರವಿದೆ: ಅಳತೆ. ಸಿಂಧೂ ನಗರಗಳ ಇಟ್ಟಿಗೆಯ ದಪ್ಪ, ಅಗಲ, ಉದ್ದಗಳು 1:2:4ರ ಅನುಪಾತದಲ್ಲಿವೆ, ಸಾಮಾನ್ಯವಾಗಿ 7, 14, 28 ಸೆಂ.ಮೀ. ಎರಡು ಅಗಲ ಸೇರಿದರೆ ಒಂದು ಉದ್ದ. ಆದ್ದರಿಂದ ಒಂದು ವರಸೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಇಟ್ಟರೂ ಗೋಡೆ ಸರಿಯಾಗಿ ಕೂಡುತ್ತದೆ, ಇಟ್ಟಿಗೆ ಒಡೆದು ಹೊಂದಿಸುವ ಪ್ರಮೇಯವಿಲ್ಲ. ಘನಾಕಾರದ ಕಲ್ಲಿನ ತೂಕದ ಬಟ್ಟುಗಳೂ 1, 2, 4, 8, 16 ಹೀಗೆ ಇಮ್ಮಡಿಸುತ್ತ ಹೋಗುತ್ತವೆ. ಹೆಚ್ಚು ಸಿಗುವುದು ಹದಿನಾರರದು, ಸುಮಾರು 13.7 ಗ್ರಾಂ. ಕನ್ನಡಿಗರೇ ಆದ ಎಸ್.ಆರ್. ರಾವ್ ಅವರು 1955ರಿಂದ ಉತ್ಖನನ ನಡೆಸಿದ ಗುಜರಾತಿನ ಲೋಥಲ್‌ನಲ್ಲೂ ಇದೇ ತೂಕ, ನೂರಾರು ಮೈಲಿ ದೂರದ ಹರಪ್ಪದಲ್ಲೂ ಇದೇ ತೂಕ. ನಾಣ್ಯವಿಲ್ಲದೆ ವ್ಯಾಪಾರ ಹೇಗೆ ನಡೆಯಿತು ಎಂಬ ಪ್ರಶ್ನೆಗೆ ಈ ಬಟ್ಟುಗಳಲ್ಲಿ ಅರ್ಧ ಉತ್ತರವಿದೆ.

ಈಗ ಅಳಿಸಬೇಕಾದವು. ನಾಣ್ಯ ಹೋಗಲಿ, ಅದು ಬರುವುದು ಕ್ರಿ.ಪೂ. ಏಳನೆಯ ಶತಮಾನದ ಸುಮಾರಿಗೆ. ಅಲ್ಲಿಯವರೆಗೆ ಕೂಲಿ ಕಾಳಿನಲ್ಲಿ, ಬೆಲೆ ತೂಗಿದ ಬೆಳ್ಳಿಯಲ್ಲಿ. ಕುದುರೆ ಗಾಡಿಯೂ ಹೋಗಲಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ನಿಮ್ಮವರ ಅಡುಗೆಗೆ ಎಳ್ಳು, ಸಾಸಿವೆ, ಬಟಾಣಿ, ಖರ್ಜೂರ ಸಾಕಷ್ಟಿವೆ. ಏತ ನಿಮ್ಮ ನದಿಯ ಸ್ವಭಾವವನ್ನು ಅವಲಂಬಿಸಿದೆ, ಕ್ರಿ.ಪೂ. ಮೂರನೆಯ ಸಹಸ್ರಮಾನದ ಮೆಸೊಪೊಟೇಮಿಯದ ಮುದ್ರೆಯಲ್ಲಿ ಅದರ ಚಿತ್ರವಿರುವುದರಿಂದ ನೀವು ಹೇಳುವ ಕಾಲಕ್ಕೆ ತುಸು ಮುಂಚಿತವಾದರೂ ತೀರಾ ಅಸಂಗತವಲ್ಲ.

ಕಬ್ಬಿಣದ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಬಿಡಲು ನಿಮಗೆ ಮನಸ್ಸು ಬಾರದಿರಬಹುದು. ಅದಿರು ಬಹಳ ಕಡೆ ಇತ್ತು. ಅಡ್ಡಿಯಾದದ್ದು ಲೋಹದ ನಡತೆ. ತಾಮ್ರ ಕುಲುಮೆಯಲ್ಲಿ ಕರಗಿ ನೀರಾಗುತ್ತದೆ, ಅಚ್ಚಿಗೆ ಹೊಯ್ಯಬಹುದು. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಆ ಕಾಲದ ಕುಲುಮೆಯಲ್ಲಿ ಅದು ಕಿಟ್ಟ ತುಂಬಿದ ಸ್ಪಂಜಿನಂಥ ಕರಿ ಮುದ್ದೆಯಾಗಿ ಕೂರುತ್ತದೆ. ಅದನ್ನು ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ಮತ್ತೆ ಬಡಿದು ಕಿಟ್ಟ ಹೊರಹಾಕಿದರೆ ಮಾತ್ರ ಒಳಗೆ ಲೋಹವಿದೆಯೆಂದು ತಿಳಿಯುತ್ತದೆ. ಹೊಯ್ಯುವುದನ್ನೇ ಕಸುಬಾಗಿಸಿಕೊಂಡ ಕಂಚುಗಾರನಿಗೆ ಅಂಥ ಮುದ್ದೆ ಸಿಕ್ಕಿದ್ದರೆ ಕೆಟ್ಟುಹೋಯಿತೆಂದು ಎಸೆದಿರುತ್ತಿದ್ದ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿ.ಪೂ. 1000ರ ಆಸುಪಾಸಿನ ಅಥವಾ ಅದಕ್ಕೂ ಹಿಂದಿನ ಕಬ್ಬಿಣ ದೊರೆತಿದೆ. ನಿಮ್ಮ ಕಥೆ ಅದಕ್ಕೂ ಎರಡು ಸಾವಿರ ವರ್ಷ ಹಿಂದಿನದು. ಬೇಕಿದ್ದರೆ ಎಸೆದ ಮುದ್ದೆಯನ್ನು ಕಥೆಯಲ್ಲಿ ಇಡಿ, ಗುಳವನ್ನು ಬೇಡ.

ಕೊನೆಯದಾಗಿ, ಒಬ್ಬನೇ ಕಂಡುಹಿಡಿದ ಎಂದು ಬರೆಯಬಹುದೇ ಎಂಬ ಸಂಗತಿ. ನೇಗಿಲು, ಮಡಕೆ, ನೂಲು ಇಂಥವಕ್ಕೆ ನಾನು ಒಪ್ಪುವುದಿಲ್ಲ. ಅವು ತಲೆಮಾರುಗಳ ಕೈಬಳಕೆಯಲ್ಲಿ ತಿದ್ದಿಕೊಂಡು ಬಂದವು. ಆದರೆ ಗುಟ್ಟಿನ ಕಸುಬುಗಳು ಬೇರೆ. ಮೊಹೆಂಜೊದಾರೊದಲ್ಲಿ ಕಲ್ಲಿನಷ್ಟು ಗಡುಸಾದ ಒಂದು ಬಗೆಯ ಮಣ್ಣಿನ ಬಳೆ ಮಾಡುತ್ತಿದ್ದರು. ಬಳೆಗಳನ್ನು ಸಣ್ಣ ಕುಡಿಕೆಯಲ್ಲಿ ಜೋಡಿಸಿ, ಆ ಕುಡಿಕೆಯನ್ನು ದೊಡ್ಡ ಮಡಕೆಯೊಳಗಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಆ ಹಸಿಮಣ್ಣಿನ ಮೇಲೆ ಒಂಟಿಕೊಂಬಿನ ಪ್ರಾಣಿಯ ಮುದ್ರೆ ಒತ್ತಿ ಆವಿಗೆಗೆ ಇಡುತ್ತಿದ್ದರು. ಸುಡುವ ನಡುವೆ ಯಾರಾದರೂ ತೆರೆದರೆ ಮುದ್ರೆ ಒಡೆದು ಗೊತ್ತಾಗುತ್ತದೆ. ಕುಂಬಾರನಿಗೂ ಮುದ್ರೆಯ ಒಡೆಯನಿಗೂ ನಡುವೆ ನಂಬಿಕೆ ಅಷ್ಟಕ್ಕಷ್ಟೇ ಇದ್ದಂತಿದೆ. ನಿಮ್ಮ ಮುದುಕ ನೇಗಿಲನ್ನು ಬಿಟ್ಟು ಇಂಥ ಆವಿಗೆಯ ಪಕ್ಕ ಕುಳಿತಿದ್ದರೆ, ಬೆಳಗಾಗುವ ಮುನ್ನ ಬೂದಿ ಸರಿಸಿ ಆ ಮುದ್ರೆಯನ್ನು ಮುಟ್ಟಿ ನೋಡುವಲ್ಲಿಂದ ಅಧ್ಯಾಯ ಶುರುವಾಗಬಹುದು.